ಬಸವಲಿಂಗಮ್ಮನ ಮೂರು ದಿನ

ಬಸವಲಿಂಗಮ್ಮನಷ್ಟು ನಿಜ ಹೇಳುವ ಹೆಂಗಸನ್ನು ನಾನು ಕಂಡಿಲ್ಲ. ಆಕೆಯ ಮೇಲೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ನನಗೆ ಬಂದಿಲ್ಲ. ಆ ಸಿಟ್ಟು ಈಗ ನನ್ನ ಕಡೆಗೇ ತಿರುಗಿ ಕೂತಿದೆ, ಅದಕ್ಕೇ ಈ ವಯಸ್ಸಿನಲ್ಲಿ ಕಾಗದ ಹಿಡಿದಿದ್ದೇನೆ.

ನನ್ನ ಹೆಸರು ನಂಜುಂಡಯ್ಯ. ಚನ್ನಪಟ್ಟಣದಲ್ಲಿ ರೇಷ್ಮೆ ವ್ಯಾಪಾರಿಯೊಬ್ಬರು ಕಟ್ಟಿಸಿದ್ದ ಧರ್ಮಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಕಾಂಪೌಂಡರ್ ಆಗಿದ್ದೆ. ಡಾಕ್ಟರು ಒಳಗೆ ಕೂತು ಚೀಟಿ ಬರೆಯುವರು, ನಾನು ಕಿಟಕಿಯ ಹಿಂದೆ ನಿಂತು ಔಷಧ ಕೊಡುವೆ. ನಾನು ಹೇಳುತ್ತಿರುವುದು ಮಹಾರಾಜರ ಕಾಲದ ಮಾತು, ಇನ್‌ಫ್ಲುಯೆಂಜಾ ಮನೆಮನೆ ಗುಡಿಸಿಕೊಂಡು ಹೋಗಿ ಐದಾರು ವರ್ಷವಾಗಿತ್ತು. ಈಗ ರಾಮನಗರ ಎನ್ನುವ ಊರನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು.

ಬಸವಲಿಂಗಮ್ಮ ವಿರೂಪಾಕ್ಷಿಪುರದ ಕಡೆಯವಳು. ಗಂಡ ಗವಿಸಿದ್ದಯ್ಯನಿಗೆ ಸಣ್ಣದೊಂದು ವೀಳ್ಯದೆಲೆ ತೋಟ. ಅವನು ಬಳ್ಳಿ ನೋಡಿಕೊಳ್ಳುವನು, ಆಕೆ ಎಲೆ ಕಟ್ಟಿ ಬುಟ್ಟಿಯಲ್ಲಿ ಹೊತ್ತು ಮೂರು ಹರಿದಾರಿ ನಡೆದು ನಮ್ಮ ಸಂತೆಗೆ ತರುವಳು. ಎಲೆ ಮಾರುವವರು ಕಟ್ಟಿನ ನಡುವೆ ನಾಲ್ಕು ಹರಕಲು ಎಲೆ ತೂರಿಸುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಅದನ್ನು ಮೋಸ ಎಂದುಕೊಳ್ಳುತ್ತಲೂ ಇರಲಿಲ್ಲ. ಈ ಹೆಂಗಸು ಮಾತ್ರ ಹರಕಲನ್ನು ಬೇರೆ ಇಟ್ಟು, ಇದು ಹರಕಲು, ಬೇಕಾದರೆ ಸುಮ್ಮನೆ ತಗೊಳ್ಳಿ ಎನ್ನುತ್ತಿದ್ದಳು. ಪೇಟೆಯ ಹೆಂಗಸರು ಆಕೆಯ ಬೆನ್ನ ಹಿಂದೆ ನಗುತ್ತಿದ್ದರು, ಎಲೆ ಮಾತ್ರ ಆಕೆಯ ಹತ್ತಿರವೇ ಕೊಳ್ಳುತ್ತಿದ್ದರು.

ಗವಿಸಿದ್ದಯ್ಯನ ದವಡೆಯ ಒಳಗೆ ಹುಣ್ಣಾಯಿತು. ಅದು ಗೆಡ್ಡೆ ಕಟ್ಟಿತು. ಜ್ಯೇಷ್ಠ ಮಾಸದಲ್ಲಿ ಗಾಡಿಯ ಮೇಲೆ ಮಲಗಿಸಿಕೊಂಡು ಕರೆತಂದರು. ಡಾಕ್ಟರು ಬಾಯಿ ತೆರೆಸಿ ನೋಡಿ, ಆಮೇಲೆ ನನ್ನನ್ನು ಒಳಗೆ ಕರೆದು, ಇದು ವಾಸಿಯಾಗುವುದಲ್ಲ, ಬೆಂಗಳೂರಿಗೆ ಹೋದರೂ ಆಗುವುದಿಲ್ಲ, ಇರುವಷ್ಟು ದಿನ ನೋವಿಲ್ಲದೆ ಇರಲಿ ಎಂದರು. ಅಫೀಮಿನ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಎರಡು, ವಾರಕ್ಕೆ ಒಂದು ಸಲ ಬಂದು ತೆಗೆದುಕೊಂಡು ಹೋಗಬೇಕು, ತಗಡಿನ ಡಬ್ಬಿಯನ್ನು ಹಿಂದಕ್ಕೆ ತರಬೇಕು.

ಮೊದಲ ಮೂರು ವಾರ ಆಕೆ ಬಂದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ, ಚೀಟಿಯನ್ನೇ ಕಿಟಕಿಯೊಳಗೆ ಚಾಚುವಳು. ನಮ್ಮೋರು ರಾತ್ರಿ ಮಲಗ್ತಾರೆ ಸ್ವಾಮಿ ಎನ್ನುವಳು. ಆ ಮೂರು ವಾರ ನನಗೂ ನಾನೇನೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತ್ತು.

ಆಷಾಢದಲ್ಲಿ ಗವಿಸಿದ್ದಯ್ಯನ ಅಣ್ಣ ಚನ್ನಲಿಂಗಪ್ಪನಿಗೆ ಇದು ಸರಿ ಕಾಣಲಿಲ್ಲ. ತಮ್ಮ ಮಲಗುತ್ತಾನೆ ನಿಜ, ಆದರೆ ಗೆಡ್ಡೆ ಕರಗುತ್ತಿಲ್ಲವಲ್ಲ? ಅವನಿಗೆ ತಮ್ಮ ಬದುಕಬೇಕಿತ್ತು, ಅದರಲ್ಲಿ ತಪ್ಪೇನಿದೆ. ಗಾಡಿ ಕಟ್ಟಿಕೊಂಡು ಮಾಗಡಿಗೆ ಹೋಗಿ ಮಲ್ಲಿಕಾರ್ಜುನಯ್ಯ ಪಂಡಿತರ ಮಾತ್ರೆ ತಂದ. ನಾಲ್ಕು ದಿನ ಅದನ್ನೂ ಕೊಟ್ಟರು, ನಮ್ಮದನ್ನೂ ಕೊಟ್ಟರು. ಮುಂದಿನ ವಾರ ಬಸವಲಿಂಗಮ್ಮ ಬಂದವಳು ಕೇಳದೆಯೇ ಅದನ್ನು ಡಾಕ್ಟರಿಗೆ ಹೇಳಿಬಿಟ್ಟಳು.

ಡಾಕ್ಟರ ಮುಖ ಬಿಳಿಚಿತು. ಹಿಂದಿನ ವರ್ಷ ಒಬ್ಬ ಮುದುಕ ಎರಡು ಕಡೆಯ ಅಫೀಮು ನುಂಗಿ ಉಸಿರು ನಿಂತು ಸತ್ತಿದ್ದ, ಅದರ ವಿಚಾರಣೆ ಅವರ ತಲೆಯ ಮೇಲೆ ಬಂದಿತ್ತು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ಮೂರು ದಿನ ಬೇರೆ ಯಾವ ಮದ್ದನ್ನೂ ಮುಟ್ಟದೆ ಇದ್ದರೆ ಮಾತ್ರ ಕೊಡತಕ್ಕದ್ದು. ಪ್ರತಿ ಸಲ ಕಾಂಪೌಂಡರ್ ಕೇಳಿ ತಿಳಿಯತಕ್ಕದ್ದು.

ಪಂಡಿತರೂ ಕಮ್ಮಿ ಇರಲಿಲ್ಲ. ಇಂಗ್ಲಿಷ್ ಮದ್ದು ಮೈಯಿಂದ ಇಳಿಯಬೇಕು, ಮೂರು ದಿನ ಬರಿಯ ಗಂಜಿಯಲ್ಲಿರಲಿ, ಆಮೇಲೆ ನಾನು ಕೊಡುತ್ತೇನೆ ಎಂದು ಹೇಳಿಕಳಿಸಿದರು. ಅಂತೂ ಇಬ್ಬರು ವೈದ್ಯರು ಒಂದು ವಿಷಯದಲ್ಲಿ ಒಪ್ಪಿದ್ದರು.

ಮೂರು ದಿನ ಎಂದು ಬರೆಯುವವರಿಗೆ ಅದು ಎರಡು ಪದ. ಗವಿಸಿದ್ದಯ್ಯ ಮೊದಲ ದಿನ ನರಳಿದ. ಎರಡನೆಯ ದಿನ ತಲೆಯನ್ನು ಕಂಬಕ್ಕೆ ಚಚ್ಚಿಕೊಂಡ. ಚನ್ನಲಿಂಗಪ್ಪ ತಡೆಯಲಾರದೆ ರೈಲು ಹತ್ತಿ ಕ್ಲೋಸ್‌ಪೇಟೆಗೆ ಓಡಿ, ಹಕೀಮ್ ಅಸದುಲ್ಲಾ ಸಾಹೇಬರ ಹತ್ತಿರ ಮಾಜೂನು ತಂದ, ಜೇನಿನಲ್ಲಿ ಕಲಸಿದ ಲೇಹ್ಯ. ಸಾಹೇಬರು ದೊಡ್ಡ ಮನುಷ್ಯರು, ಏನನ್ನೂ ಕೇಳದೆ ಕೊಟ್ಟರು. ಆದರೆ ಇದು ನೋವನ್ನು ಕೊಲ್ಲುವುದಿಲ್ಲ, ಅರ್ಧ ದಿನ ಮರೆಸುತ್ತದೆ ಅಷ್ಟೆ ಎಂದೂ ಹೇಳಿದ್ದರು. ಹಾಗೇ ಆಯಿತು.

ನಾಲ್ಕನೆಯ ದಿನ ಬಸವಲಿಂಗಮ್ಮ ಕಿಟಕಿಗೆ ಬಂದಳು. ನಾನು ಕೇಳಿದೆ. ಮೊನ್ನೆ ಹಕೀಮರ ಮಾಜೂನು ಕೊಟ್ಟೆವು ಎಂದಳು. ಹಾಗಾದರೆ ಮತ್ತೆ ಮೂರು ದಿನ ಎಂದೆ. ಮೂರು ಹರಿದಾರಿ ಹಿಂದಕ್ಕೆ ನಡೆದಳು.

ಇದು ಹೀಗೇ ನಡೆಯಿತು. ಆ ಮನೆಯಲ್ಲಿ ಮೂರು ದಿನ ಯಾವತ್ತೂ ತುಂಬಲಿಲ್ಲ. ಎರಡನೆಯ ದಿನ ಅವನ ಕೂಗಿಗೆ ಎದೆ ಒಡೆದು ಯಾರೋ ಒಬ್ಬರು ಒಂದು ಚಮಚ ಮಾಜೂನು ಬಾಯಿಗೆ ಹಾಕುವರು, ಎಣಿಕೆ ಮತ್ತೆ ಮೊದಲಿಂದ. ಶ್ರಾವಣ ಕಳೆಯಿತು. ಎಲೆಯ ಬುಟ್ಟಿ ನಿಂತುಹೋಯಿತು, ಬಳ್ಳಿ ನೋಡುವವರಿಲ್ಲದೆ ತೋಟ ಒಣಗಿತು. ಆಕೆ ಬರಿಗೈಯಲ್ಲಿ ಬರುವಳು, ಬರಿಗೈಯಲ್ಲಿ ಹೋಗುವಳು. ನಾನು ಒಮ್ಮೆ ಡಾಕ್ಟರಲ್ಲಿ ಕೇಳಿಕೊಂಡೆ. ಉಸಿರು ನಿಂತರೆ ನೀನು ಜವಾಬು ಹೇಳುತ್ತೀಯಾ ಎಂದರು. ನಾನು ಹೆಂಡತಿ ಮಕ್ಕಳಿದ್ದವನು, ಬಾಯಿ ಮುಚ್ಚಿಕೊಂಡು ಬಂದೆ.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಆಕೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕಾಲಿನ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅಕ್ಕಪಕ್ಕ ಯಾರೂ ಇರಲಿಲ್ಲ. ನನಗೆ ರೇಗಿಹೋಯಿತು.

“ಅಮ್ಮಾ, ಇಲ್ಲ ಅಂದ್ಬಿಡಿ. ಒಂದೇ ಒಂದು ಮಾತು. ಮುಟ್ಟಿಲ್ಲ ಅಂದ್ರೆ ಈಗಲೇ ಕೊಟ್ಬಿಡ್ತೀನಿ.”

ಆಕೆ ನನ್ನನ್ನು ನೋಡಿದ ರೀತಿ, ನಾನೇ ಅಲ್ಲಿ ರೋಗಿ ಎನ್ನುವ ಹಾಗಿತ್ತು.

“ಸುಳ್ಳೇಳಿ ತಂದ ಮದ್ದು ನಾಟಾಕಿಲ್ಲ ಸ್ವಾಮಿ. ನಮ್ಮವ್ವ ಮದ್ದು ಕೊಡೋಳು, ನಂಗೊತ್ತು.”

ಆಮೇಲೆ ವಿವರಿಸಿ ಹೇಳಿದಳು. ಆಕೆಯ ತವರು ಕನಕಪುರದ ಆಚೆ. ತಾಯಿ ಭಾನುವಾರ ಬೆಳಿಗ್ಗೆ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದಳಂತೆ, ದುಡ್ಡು ಮುಟ್ಟುತ್ತಿರಲಿಲ್ಲವಂತೆ. ಬಂದವರು ಹೊಸ್ತಿಲ ಹೊರಗೆ ನಿಂತು ಏನು ತಿಂದೆ, ಏನು ಕುಡಿದೆ, ಯಾರ ಹತ್ತಿರ ಹೋಗಿದ್ದೆ, ಎಲ್ಲವನ್ನೂ ಒಪ್ಪಿಸಬೇಕು. ಒಬ್ಬ ಮುಚ್ಚಿಟ್ಟು ಮದ್ದು ತೆಗೆದುಕೊಂಡ, ಮೂರನೆಯ ದಿನ ಸತ್ತ. ಮುಚ್ಚಿಟ್ಟವರ ಬಾಯಲ್ಲಿ ಮದ್ದು ಬರಿಯ ಸೊಪ್ಪಾಗುತ್ತದೆ ಎಂದು ತಾಯಿ ಹೇಳಿದ್ದು ಏಳು ವರ್ಷದ ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಇಷ್ಟು ಹೇಳಿ, ಒಸಿ ನೀರು ಕುಡಿದು ಹೊರಟುಹೋದಳು. ನಾನು ಆಕೆಯನ್ನು ಮನಸ್ಸಿನಲ್ಲೇ ಬೈದೆ. ಗುಳಿಗೆ ನನ್ನ ಕೈಯಳತೆಯಲ್ಲಿದ್ದವು. ಆಕೆಯ ಪರವಾಗಿ ಆ ಸುಳ್ಳನ್ನು ನಾನೇ ಹೇಳಿಕೊಂಡು ಕೊಡಬಹುದಿತ್ತು. ಅದು ಆಗ ನನ್ನ ತಲೆಗೆ ಬರಲಿಲ್ಲ ಎಂದು ಬರೆದರೆ ಅದೂ ಸುಳ್ಳು.

ಕಾರ್ತಿಕದ ಮೊದಲ ವಾರ ಆಕೆ ಬಂದು ಚೀಟಿ ಚಾಚಿದಳು. ಮೂರು ದಿನದಲ್ಲಿ ಬೇರೆ ಮದ್ದು ಮುಟ್ಟಿದ್ದಾರಾ ಎಂದು ಕೇಳಿದೆ. ಆಕೆ ನೆಲ ನೋಡಿಕೊಂಡು, ಇಲ್ಲ ಎಂದಳು. ಅದು ಸುಳ್ಳೆಂದು ನನಗೆ ಗೊತ್ತಾಯಿತು. ಹದಿನಾಲ್ಕು ಗುಳಿಗೆ ಎಣಿಸಿ ಡಬ್ಬಿಗೆ ಹಾಕಿದೆ.

ಮುಂದಿನ ವಾರ ಬಂದಾಗ ಆಕೆಯ ಮುಖ ನೋಡಲಾಗಲಿಲ್ಲ, ಅಷ್ಟು ಬೆಳಕಿತ್ತು. ನಮ್ಮೋರು ಮಲಗ್ತಾವ್ರೆ ಎಂದಳು. ಅಂಬಲಿ ಕುಡಿದರಂತೆ. ತೋಟಕ್ಕೆ ಎತ್ತಿಕೊಂಡು ಹೋಗಿ ತೋರಿಸಿ ಎಂದು ಅಣ್ಣನಿಗೆ ಕೈಸನ್ನೆ ಮಾಡಿದರಂತೆ, ಒಣಗಿದ ಬಳ್ಳಿ ನೋಡಿ, ಹೋಗಲಿ ಬಿಡು ಎನ್ನುವಂತೆ ತಲೆಯಾಡಿಸಿದರಂತೆ. ನಾನು ಮತ್ತೆ ಹದಿನಾಲ್ಕು ಕೊಟ್ಟೆ.

ಮೂರನೆಯ ವಾರ ಆಕೆ ಬಂದಾಗ ಕೈಯಲ್ಲಿ ಬಳೆ ಇರಲಿಲ್ಲ. ಗೆಡ್ಡೆ ಗಂಟಲನ್ನು ಮುಚ್ಚಿ, ಎರಡು ದಿನ ನೀರೂ ಇಳಿಯದೆ ತೀರಿಕೊಂಡರಂತೆ. ಡಾಕ್ಟರು ಎಲ್ಲವನ್ನೂ ಕೇಳಿ, ಇದು ರೋಗದ ಸಾವು, ಮದ್ದಿನದಲ್ಲ ಎಂದರು. ಆಕೆ ಅದಕ್ಕೆ ಬಂದಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಡಬ್ಬಿಯನ್ನು ಕಿಟಕಿಯಲ್ಲಿಟ್ಟಳು. ಒಳಗೆ ನಾಲ್ಕು ಗುಳಿಗೆ ಉಳಿದಿದ್ದವು.

“ಸುಳ್ಳೇಳಿ ತಂದಿದ್ದು ನಾಟ್ತು ಸ್ವಾಮಿ,” ಎಂದಳು. “ಚೆಂದಾಗೇ ನಾಟ್ತು. ಮೊದ್ಲೇ ಇಲ್ಲ ಅಂದಿದ್ರೆ ನಾಕ್ ತಿಂಗ್ಳು ಮಲಗಿರೋರು.”

ಅಳು ಇರಲಿಲ್ಲ. ಹರಕಲು ಎಲೆ ಬೇರೆ ಇಡುವಾಗಿನ ದನಿಯೇ ಅದು. ನಾನು ಏನೋ ಸಮಾಧಾನ ಹೇಳಲು ಹೋದೆ. ಆಕೆ ಕೇಳಿಸಿಕೊಳ್ಳಲಿಲ್ಲ.

“ಸುಳ್ಳೇಳಿದ್ರೂ ಮದ್ದು ನಾಟ್ತದೆ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಲ್ವಾ?”

ಗೊತ್ತಿತ್ತು ಎಂದೆ.

“ಮತ್ಯಾಕೆ ಬಂದಾಗೆಲ್ಲ ಕೇಳ್ತಿದ್ರಿ?”

ಆಮೇಲೆ ಸೆರಗು ಸರಿಮಾಡಿಕೊಂಡು ವಿರೂಪಾಕ್ಷಿಪುರದ ದಾರಿ ಹಿಡಿದಳು. ಎಲೆಯ ಬುಟ್ಟಿ ಹೊತ್ತು ಆಕೆ ಸಂತೆಗೆ ಮತ್ತೆಂದೂ ಬರಲಿಲ್ಲ. ನಾನು ಆ ನಾಲ್ಕು ಗುಳಿಗೆಗಳನ್ನು ಬಾಟಲಿಗೆ ಸುರಿದು, ಡಬ್ಬಿ ತೊಳೆದು, ಕಿಟಕಿಯಲ್ಲಿ ನಿಂತಿದ್ದ ಮುಂದಿನವರ ಚೀಟಿ ತೆಗೆದುಕೊಂಡೆ. ಅದರ ಮೇಲೂ ಕೆಂಪು ಶಾಯಿ ಇತ್ತು. ಮೂರು ದಿನದಲ್ಲಿ ಬೇರೆ ಮದ್ದು ಮುಟ್ಟಿದ್ದೀರಾ ಎಂದು ಕೇಳಿದೆ.