ಪತನದ ಕೊನೆಯ ಕಾರಣ

ಬಂಗಾರಪೇಟೆಯಲ್ಲಿ ನಮ್ಮ ಮನೆ ರೈಲುಹಳಿಗೆ ತೀರ ಹತ್ತಿರ. ಗೂಡ್ಸ್ ಗಾಡಿ ಹೋಗುವಾಗ ಅಡುಗೆಮನೆಯ ಗೂಡಿನಲ್ಲಿರುವ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಇಷ್ಟು ವರ್ಷದಿಂದ ಇಲ್ಲೇ ಇದ್ದೇನೆ, ಅದು ರೈಲು ಎಂದು ಗೊತ್ತು. ಆದರೂ ಕೈಯಲ್ಲಿರುವ ಸೌಟು ನಿಂತುಬಿಡುತ್ತದೆ. ಮನೆಯವರು ಎಲ್ಲೆಲ್ಲಿದ್ದಾರೆ ಎಂದು ಮನಸ್ಸು ಹುಡುಕಿಕೊಂಡು ಓಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ, ಯಾರು ಏನು ತಪ್ಪು ಮಾಡಿದರು? ಮೊನ್ನೆಯೂ ಹಾಗೇ ಆಯಿತು. ಆಗ ನಮ್ಮ ಚರಿತ್ರೆ ಮೇಷ್ಟ್ರು ನೆನಪಾದರು...

ಆ ಕಾಲಕ್ಕೆ ನಾವು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಕಾರ್ಮಿಕರ ಲೈನಿನಲ್ಲಿದ್ದೆವು. ಒಂದೇ ಗೋಡೆಗೆ ಅಂಟಿಕೊಂಡ ಸಾಲುಮನೆಗಳು. ಒಂದು ಮನೆಯ ಒಗ್ಗರಣೆಗೆ ಅಕ್ಕಪಕ್ಕದವರೆಲ್ಲ ಸೀನಬೇಕು. ಅಪ್ಪ ಗಣಿಯೊಳಗೆ ಕೆಲಸಕ್ಕಿದ್ದರು. ಕೇಜು ಎಂಬ ಕಬ್ಬಿಣದ ಗೂಡಿನಲ್ಲಿ ನಿಂತು ಭೂಮಿಯೊಳಕ್ಕೆ ಇಳಿಯುತ್ತಿದ್ದರು. ಆಳದಲ್ಲಿ ಬಂಡೆ ಇದ್ದಕ್ಕಿದ್ದಂತೆ ಸಿಡಿದರೆ ಮೇಲೆ ನಮ್ಮ ಮನೆ ಅದುರುತ್ತಿತ್ತು. ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಅದು ಮೊದಲು ತಿಳಿಯುತ್ತಿದ್ದುದು ಲೋಟಗಳಿಗೆ. ಲೋಟ ಕಿಣಿಗುಟ್ಟಿತೆಂದರೆ ಹೆಂಗಸರು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಬೀದಿಗೆ ಬಂದು, ಗಣಿಗೆ ಇಳಿಯುವ ಶಾಫ್ಟಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ಯಾವ ಮನೆಯವರು ಅಳಬೇಕು ಎಂದು ಇನ್ನೂ ಗೊತ್ತಾಗಿರುತ್ತಿರಲಿಲ್ಲ.

ಮೇಷ್ಟ್ರು ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಬರುತ್ತಿದ್ದರು. ತೆಳ್ಳನೆಯ ಆಳು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ತಮಗೆ ಮದುವೆಯಾಗಿಲ್ಲ, ಡಬ್ಬಿ ಕಟ್ಟಿಕೊಡುವುದು ಗಂಡ ಸತ್ತ ಅಕ್ಕ ಎಂದು ಹೇಳಿಕೊಂಡಿದ್ದರು. ಮಾತು ಕಮ್ಮಿ. ಆದರೆ ಪಾಠಕ್ಕೆ ನಿಂತರೆ ಬೇರೆಯೇ ಮನುಷ್ಯ. ರೋಮ್ ಆಗಲಿ, ಬ್ಯಾಬಿಲೋನ್ ಆಗಲಿ, ಪತನಕ್ಕೆ ಕಾರಣಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ದುರ್ಬಲ ಅರಸರು, ಬರಿದಾದ ಬೊಕ್ಕಸ, ಹೊರಗಿನವರ ದಾಳಿ... ಇವನ್ನೆಲ್ಲ ಸರಸರನೆ ಮುಗಿಸಿ ಕೊನೆಯದಕ್ಕೆ ಬಂದಾಗ ಸೀಮೆಸುಣ್ಣ ಒತ್ತಿ ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದರು. ಜನರ ನೈತಿಕ ಅಧಃಪತನ.

"ಕುಡಿತ, ಜೂಜು, ಕದ್ದುಮುಚ್ಚಿ ಸಂಬಂಧ. ಕೋಟೆಗೋಡೆ ಎಷ್ಟೇ ದಪ್ಪ ಇರಲಿ, ಒಳಗಿರುವವರು ಕೆಟ್ಟರೆ ಅದು ಬಿತ್ತು ಅಂತಲೇ ಲೆಕ್ಕ," ಎನ್ನುತ್ತಿದ್ದರು.

ಅಧಃಪತನ ಎಂದರೆ ಕೆಳಕ್ಕೆ ಬೀಳುವುದು ಎಂದು ಅರ್ಥ ಬರೆಸಿದ್ದರು. ಬೇರೆ ಊರಿನ ಮಕ್ಕಳು ಅದನ್ನು ಹೇಗೆ ತಿಳಿದುಕೊಂಡರೋ ಕಾಣೆ. ನಮ್ಮೂರಿನ ಮಕ್ಕಳಿಗೆ ಕೆಳಕ್ಕೆ ಬೀಳುವುದೆಂದರೆ ಒಂದೇ, ಹಗ್ಗ ಕಡಿದ ಕೇಜು. ಮನೆಯಲ್ಲಿ ಯಾರಾದರೂ ಕೆಟ್ಟರೆ ಅಪ್ಪನ ಕೇಜು ಬೀಳುತ್ತದೆ. ಎಲ್ಲ ಸಾಮ್ರಾಜ್ಯಗಳ ಪಾಠವನ್ನೂ ನಾನು ಹೀಗೆ ಅರ್ಥ ಮಾಡಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಒಬ್ಬರು ಕೆಟ್ಟಿದ್ದರು. ನಮ್ಮಕ್ಕ. ಮೇಲಿನ ಲೈನಿನ ತಮಿಳರ ಹುಡುಗನೊಬ್ಬ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಅಕ್ಕ ಹೊಲಿಗೆ ಕ್ಲಾಸಿಗೆಂದು ಹೊರಟು ಸೈನೈಡ್ ದಿಬ್ಬದ ಮಗ್ಗುಲಲ್ಲಿ ಅವನ ಜೊತೆ ನಿಂತಿದ್ದನ್ನು ಕಣ್ಣಾರೆ ಕಂಡೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದು ಸುರಿದು ಬೆಳೆದ ಬೂದು ಗುಡ್ಡ ಅದು. ಅವಳ ಲಂಗದ ಅಂಚಿನಲ್ಲಿ ಆ ಧೂಳು ಮನೆಯವರೆಗೂ ಬರುತ್ತಿತ್ತು. ಅಮ್ಮ ನೋಡುವ ಮೊದಲು ನಾನೇ ಒದರಿಬಿಡುತ್ತಿದ್ದೆ.

"ಅಪ್ಪಂಗೆ ಏಳ್ಬೇಡ ಕಣೇ, ನನ್ನ ಸಾಯಿಸ್ಬುಡ್ತಾರೆ," ಎಂದಿದ್ದಳು ಅಕ್ಕ.

ಹೇಳಿದರೆ ಅಕ್ಕ ಉಳಿಯುವುದಿಲ್ಲ, ಹೇಳದಿದ್ದರೆ ಅಪ್ಪ ಉಳಿಯುವುದಿಲ್ಲ. ಅಪ್ಪ ಶಿಫ್ಟಿಗೆ ಹೊರಟರೆಂದರೆ ಮತ್ತೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳುವ ತನಕ ಅನ್ನ ಇಳಿಯುತ್ತಿರಲಿಲ್ಲ.

ತಡೆಯಲಾರದೆ ಒಂದು ದಿನ ಎಲ್ಲರೂ ಹೊರಗೆ ಹೋದ ಮೇಲೆ ಮೇಷ್ಟ್ರ ಮೇಜಿನ ಮುಂದೆ ನಿಂತೆ. "ಸಾರ್, ಒಬ್ರು ಕದ್ದುಮುಚ್ಚಿ ಸಂಬಂಧ ಮಡಿಕ್ಕೊಂಡಿದ್ರೆ ಎಷ್ಟು ದಿನಕ್ಕೆ ಪತನ ಆಗ್ತೈತೆ ಸಾರ್?"

ನಗುತ್ತಾರೇನೋ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಬಾಗಿಲ ಕಡೆ ನೋಡಿದರು, ಕಿಟಕಿ ಕಡೆ ನೋಡಿದರು. "ಯಾರಮ್ಮಿ ನಿನ್ನ ಕಳ್ಸಿದ್ದು? ಇಂಗೆ ಕೇಳು ಅಂತ ಯಾರು ಏಳ್ಕೊಟ್ರು?" ಎಂದರು. ಪಾಠದ ಕನ್ನಡ ಹೋಗಿ ಮನೆಯ ಕನ್ನಡ ಬಂದಿತ್ತು. ಬಾಯಿ ತೆರೆದರೆ ಅಕ್ಕನ ಹೆಸರು ಬಂದುಬಿಡುತ್ತದೆಂದು ನಾನು ತುಟಿ ಕಚ್ಚಿಕೊಂಡು ಓಡಿಬಂದೆ.

ಮಾರನೆಯ ದಿನ ತರಗತಿಗೆ ಬಂದವರೇ ಪುಸ್ತಕ ತೆಗೆಯಲು ಹೇಳಿದರು. "ಕೊನೇ ಕಾರಣ ಹೊಡೆದುಹಾಕಿ. ಅದು ಆಮೇಲೆ ಯಾರೋ ಸೇರಿಸಿದ್ದು. ಭೂಮಿಗೆ ಕಣ್ಣಿಲ್ಲ, ಕಿವಿ ಇಲ್ಲ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅದು ನೋಡಲ್ಲ." ನನ್ನ ಕಡೆ ಮಾತ್ರ ನೋಡಲಿಲ್ಲ. ಪರೀಕ್ಷೆಯಲ್ಲಿ ಮಾರ್ಕು ಹೋಗುತ್ತದೆಂದು ಹುಡುಗರು ಗೊಣಗಿದರು. ನಾನು ಹಾಳೆ ಹರಿಯುವಷ್ಟು ಗೀಚಿದೆ. ಅಂದು ಅಪ್ಪ ಬರುವ ಮೊದಲೇ ಹೊಟ್ಟೆ ತುಂಬ ಉಂಡೆ.

ಆಮೇಲೆ ಸ್ವಲ್ಪ ದಿನಕ್ಕೆ, ರಜೆಯ ಒಂದು ಮಧ್ಯಾಹ್ನ, ಲೋಟಗಳು ಕಿಣಿಗುಟ್ಟಿದವು. ಕಿಣಿಗುಟ್ಟಿ ಸುಮ್ಮನಾಗಲಿಲ್ಲ, ಗೂಡಿನಿಂದ ಒಂದೊಂದಾಗಿ ಉರುಳಿ ಬಿದ್ದವು. ಅಪ್ಪ ಗಣಿಯೊಳಗಿದ್ದರು. ಅಕ್ಕ ಹೊಲಿಗೆ ಕ್ಲಾಸಿಗೆಂದು ಹೋಗಿದ್ದಳು. ಅಮ್ಮನ ಸೆರಗು ಹಿಡಿದು ಬೀದಿಗೆ ಬಂದರೆ ಲೈನಿಗೆ ಲೈನೇ ನಿಂತಿತ್ತು. ಎದುರುಮನೆಯ ಅತ್ತೆಯ ಮಗನೂ ಅದೇ ಶಿಫ್ಟಿನಲ್ಲಿದ್ದ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದರು, "ಸುಮ್‌ಸುಮ್ಕೆ ಭೂಮ್ತಾಯಿ ಮೈ ಕೊಡವ್ತಾಳಾ? ಯಾವ ಮನೇಲಿ ಯಾವಳು ಏನ್ ಮಾಡ್ತಾವಳೋ..."

ಅದೇ ಹೊತ್ತಿಗೆ ಅಕ್ಕ ಏದುಸಿರು ಬಿಡುತ್ತ ಓಡಿಬಂದಳು. ಲಂಗದ ಅಂಚಿನಲ್ಲಿ ಬೂದು ಧೂಳು. ಅತ್ತೆಯ ಕಣ್ಣು ಅಲ್ಲಿ ಬಂದು ನಿಂತಿತು. ಉಳಿದವರ ಕಣ್ಣೂ ಒಂದೊಂದಾಗಿ ಬಂದವು. ನನಗೆ ಜೀವ ಬಾಯಿಗೆ ಬಂತು. ಆಗ ಹಿಂದಿನಿಂದ ಯಾರೋ ಒಬ್ಬಾಕೆ ಹೇಳಿದಳು, "ಬ್ಯಾರೆ ಎಲ್ಲೂ ಉಡುಕ್ಬ್ಯಾಡಿ. ಇಸ್ಕೂಲಲ್ಲೇ ಅವ್ನೆ, ಆ ಚರಿತ್ರೆ ಮೇಷ್ಟ್ರು. ಅಕ್ಕ ಅಂತಾನಲ್ಲ, ಅವಳು ಅಕ್ಕಾನೂ ಅಲ್ಲ, ತಾಳಿ ಕಟ್ಟಿದ ಎಂಡ್ತೀನೂ ಅಲ್ಲ. ಬಂಗಾರಪೇಟೇಲಿ ನಮ್ಮಣ್ಣನ ಮನೆ ಮಗ್ಗುಲಾಗೇ ಅವ್ರೆ."

ಎಲ್ಲರ ಕಣ್ಣೂ ಅಕ್ಕನ ಮೇಲಿಂದ ಎದ್ದವು. ನನಗೆ ಉಸಿರು ಬಂತು. ಇಡೀ ಬೀದಿಗೇ ಉಸಿರು ಬಂದ ಹಾಗಿತ್ತು, ಹೆದರಿಕೆಗೆ ಒಂದು ಮುಖ ಸಿಕ್ಕಿತ್ತು.

ಸಂಜೆ ಅಪ್ಪ ಬಂದರು, ಮೈಯೆಲ್ಲ ಮಣ್ಣು. ಎದುರುಮನೆ ಅತ್ತೆಯ ಮಗ ಬರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಗಂಡಸರು ಮೇಷ್ಟ್ರನ್ನು ಕೇಳಲು ಹೋದರು. ಅಪ್ಪನೂ ಹೋಗಿದ್ದರು. ಏನು ಕೇಳಿದರು, ಅವರೇನು ಹೇಳಿದರು, ನಮಗೆ ಯಾರೂ ಹೇಳಲಿಲ್ಲ. ಮೇಷ್ಟ್ರು ಮತ್ತೆ ಪಾಠಕ್ಕೆ ಬರಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು, ಅವರು ಸ್ಕೂಲಿನ ಲೆಕ್ಕ ಮುಗಿಸಿ ಹೊರಟ ದಿನ, ನಮ್ಮೂರಿನ ರೈಲು ಸ್ಟೇಷನ್ನಿನಲ್ಲಿ. ಅಮ್ಮನ ಜೊತೆ ಹೊರಟಿದ್ದೆ. ಮಾರಿಕುಪ್ಪಂ ಕಡೆಯಿಂದ ಗಾಡಿ ಇನ್ನೂ ಬಂದಿರಲಿಲ್ಲ. ಅವರು ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತಿದ್ದರು. "ಸಾರ್" ಎಂದೆ. ತಲೆ ಎತ್ತಿ ನನ್ನನ್ನು ಕಂಡವರೇ ಡಬ್ಬಿಯನ್ನು ಎದೆಗವಚಿಕೊಂಡು ಎದ್ದು, ಪ್ಲಾಟ್‌ಫಾರಂ ತುದಿಗೆ ನಡೆದುಬಿಟ್ಟರು. ಎರಡು ಜಡೆಯ ಹುಡುಗಿಗೆ ದೊಡ್ಡವರೊಬ್ಬರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಲೈನಿನವರು ತಮ್ಮ ಗುಟ್ಟು ಕೆದಕಲು ನನ್ನನ್ನು ಕಳಿಸಿದ್ದರು ಎಂದೇ ಅವರು ನಂಬಿದ್ದರು. ಇದು ನನಗೆ ಹೊಳೆಯುವಷ್ಟರಲ್ಲಿ ನನ್ನ ಮದುವೆಯೇ ಆಗಿತ್ತು...

ಅಕ್ಕ ಆ ಸೈಕಲ್ ಅಂಗಡಿಯವರನ್ನೇ ಕಟ್ಟಿಕೊಂಡಳು. ಈಗ ಮೊಮ್ಮಕ್ಕಳ ಗಲಾಟೆಗೆ ಬೈದುಕೊಂಡು ಚೆನ್ನಾಗಿದ್ದಾಳೆ. ಅಪ್ಪನ ಕೇಜು ಬೀಳಲಿಲ್ಲ, ವಯಸ್ಸಾಗಿ ಮಂಚದ ಮೇಲೇ ಹೋದರು. ಗಣಿ ಮುಚ್ಚಿತು. ತೆಗೆಯುವ ಖರ್ಚು ಚಿನ್ನಕ್ಕಿಂತ ಹೆಚ್ಚಾಯಿತು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಲೈನಿನ ಹಳಬರು ಈಗಲೂ "ಜನ ಕೆಟ್ರು, ಚಿನ್ನ ಒಳಿಕ್ಕೋಯ್ತು" ಎನ್ನುತ್ತಾರೆ.

ಸೊಸೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿದ್ದೆ. ಅವರಿಬ್ಬರೂ ಊರು ಬಿಟ್ಟು ಬಹಳ ಕಾಲವಾಗಿತ್ತು. ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ಮೇಷ್ಟ್ರು ತೀರಿಕೊಂಡ ಸುದ್ದಿ ಎಷ್ಟೋ ವರ್ಷದ ಮೇಲೆ ಯಾರದೋ ಬಾಯಲ್ಲಿ ಬಂತು.

ಮೊನ್ನೆ ರೈಲು ಹೋಗಿ ಲೋಟಗಳು ಸುಮ್ಮನಾದ ಮೇಲೆ, ಭೂಮಿಗೆ ಕಿವಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎದೆ ಒಪ್ಪಲಿಲ್ಲ, ಮಕ್ಕಳಿಗೆಲ್ಲ ಫೋನ್ ಮಾಡಿ ದನಿ ಕೇಳಿದ ಮೇಲೇ ಮತ್ತೆ ಸೌಟು ಹಿಡಿದಿದ್ದು. ಮೇಷ್ಟ್ರಿಗೆ ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲೇ ಉಳಿದುಹೋಯಿತು. ನನ್ನನ್ನು ಯಾರೂ ಕಳಿಸಿರಲಿಲ್ಲ ಸಾರ್. ನಾನು ಕೇಳಿದ್ದು ನಮ್ಮ ಮನೆಯ ವಿಷಯ.