‘ಏಳ್ರೀ’ ಅಂತ ನಾನು ಕೂಗಿರಲಿಲ್ಲ

ನಾನು ಬ್ಲೌಸ್ ಹೊಲಿಯುವವಳು. ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಇದನ್ನೂ ಹಾಗೇ ಹೇಳುತ್ತೇನೆ, ಅರ್ಧ ಇಂಚು ಹೆಚ್ಚಿಲ್ಲ, ಅರ್ಧ ಇಂಚು ಕಮ್ಮಿಯಿಲ್ಲ. ನಗುವವರು ನಗಲಿ. ನನಗೂ ನಗು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ವರ್ಷದ ಹಿಂದಿನ ಬೇಸಿಗೆ. ಚಳ್ಳಕೆರೆಯಲ್ಲಿ ನಮ್ಮ ಯಜಮಾನರದು ಮೋಟಾರು ರಿಪೇರಿ ಅಂಗಡಿ. ಆಗ ತಾನೇ ಒಂದು ಹಳೇ ಕಾರು ತಂದಿದ್ದರು. ಕಾರು ಬಂದದ್ದೇ ತಡ, ಮನುಷ್ಯನಿಗೆ ಕಾಲು ನಿಲ್ಲಲಿಲ್ಲ.

“ಅಶೋಕನ ಶಾಸನ ನೋಡಾಕೆ ಎಲ್ಲೆಲ್ಲಿಂದಲೋ ಬರ್ತಾರೆ ಕಣೇ. ನಾವು ಮಗ್ಗಲಲ್ಲೇ ಇದ್ದು ನೋಡಿಲ್ಲ. ಎರಡು ದಿನ ಅಂಗಡಿ ಮುಚ್ಚಿ ನಿಧಾನಕ್ಕೆ ಸುತ್ತಿ ಬರಾನ” ಅಂದರು. ರಾತ್ರಿಗೆ ಮೊಳಕಾಲ್ಮೂರಿನಲ್ಲಿ ನನ್ನ ತಂಗಿ ಮನೆಯಲ್ಲಿ ಉಳಿಯುವುದು ಅಂತ ಮಾತಾಯಿತು.

ನಿಧಾನ ಅಂದರೆ ನಿಜಕ್ಕೂ ನಿಧಾನವೇ. ನಾಯಕನಹಟ್ಟಿಯಲ್ಲಿ ಕೈಮುಗಿದು, ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಒಂದು ತಾಸು. ಬಿ.ಜಿ. ಕೆರೆ ಹತ್ತಿರ ಕಲ್ಲಂಗಡಿ ಹಣ್ಣನ್ನು ತಟ್ಟಿ ತಟ್ಟಿ ಆರಿಸಲು ಅರ್ಧ ತಾಸು. ಬ್ರಹ್ಮಗಿರಿಯ ಬುಡದಲ್ಲಿ ಶಾಸನದ ಮುಂದೆ ನಿಂತು, ಓದಲು ಬಾರದ ಅಕ್ಷರಗಳನ್ನು ಗಾಳಿಯಲ್ಲಿ ಬೆರಳಾಡಿಸಿ ಬರೆದರು. ನಾನು ಗಂಟೆ ನೋಡುತ್ತಲೇ ಇದ್ದೆ.

ನನ್ನ ಚಡಪಡಿಕೆಗೆ ಕಾರಣವಿತ್ತು. ಈ ಪುಣ್ಯಾತ್ಮರು ಬಿ.ಪಿ. ಮಾತ್ರೆ ಮನೆಯಲ್ಲೇ ಮರೆತು ಬಂದಿದ್ದರು. “ಒಂದಿನ ತಗಳ್ಳಿಲ್ಲ ಅಂದ್ರೆ ಏನೂ ಆಗಲ್ಲ, ಸುಮ್ಕಿರು” ಅಂತ ನನಗೇ ಬುದ್ಧಿ ಹೇಳಿದರು. ನಾನು ಹೇಗೆ ಸುಮ್ಮನಿರಲಿ? ಇವರ ಅಪ್ಪ ಐವತ್ತೊಂದನೇ ವಯಸ್ಸಿಗೆ ನಿದ್ದೆಯಲ್ಲೇ ಹೋದವರು. ನಾನು ಮದುವೆಯಾಗಿ ಬಂದ ಹೊಸತು. ನಸುಕಿನಲ್ಲಿ ಒಲೆ ಹಚ್ಚುತ್ತಿದ್ದೆ. ಒಳಕೋಣೆಯಿಂದ ನಮ್ಮತ್ತೆ “ರೀ... ಏಳ್ರೀ...” ಅಂತ ಮೂರು ಸಲ ಕರೆದರು. ಮೂರನೆಯದಕ್ಕೆ ಅವರ ದನಿ ಒಡೆಯಿತು. ಆ ದನಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆ ಬೇಸಿಗೆಗೆ ಇವರಿಗೆ ನಲವತ್ತೊಂಬತ್ತು.

ಮೊಳಕಾಲ್ಮೂರು ಮುಟ್ಟಿದಾಗ ಹೊತ್ತು ಮುಳುಗಿತ್ತು. ಮೆಡಿಕಲ್ ಸ್ಟೋರ್ ಮುಚ್ಚುವುದರೊಳಗೆ ಹೋಗೋಣ ಅಂದೆ. ಇವರು ಕಾರನ್ನು ಗುಡ್ಡದ ಕಡೆ ತಿರುಗಿಸಿದರು. “ಕೂಗುಬಂಡೆ ನೋಡಿ ಹೋಗಾನ. ಹತ್ತೇ ನಿಮಿಷ. ನಾವು ಕೂಗಿದ್ದನ್ನ ಬಂಡೆ ತಿರುಗಿ ಕೂಗ್ತೈತಂತೆ.”

ಗುಡ್ಡದ ಬುಡದಲ್ಲಿ ಒಬ್ಬ ಅಜ್ಜ ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದ. “ಚೀಕಟಿ ಆತಲ್ಲಮ್ಮಾ, ಕತ್ತಲಾಗೆ ಎಲ್ಲಿಗೆ? ಬಿರ್ರನೆ ಇಳದು ಬಂದ್ಬಿಡ್ರಿ” ಅಂದ. ಅರ್ಧ ತೆಲುಗು, ಅರ್ಧ ಕನ್ನಡ.

ಮೇಲೆ ಹತ್ತುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಬಂಡೆಯ ಮುಂದೆ ಒಂದಿಷ್ಟು ನೀರು ನಿಂತಿತ್ತು. ಪಾಚಿಯ ವಾಸನೆ, ಕಾದ ಕಲ್ಲಿನ ವಾಸನೆ. ಕೆಳಗೆ ಊರಿನಿಂದ ಮಗ್ಗದ ಸದ್ದು ಟಕ್ ಟಕ್ ಅಂತ ಸಣ್ಣಗೆ ಕೇಳುತ್ತಿತ್ತು.

ಇವರು “ಓಯ್” ಅಂದರು. ಬಂಡೆಯೂ “ಓಯ್” ಅಂದಿತು. ಮಕ್ಕಳ ಹಾಗೆ ಖುಷಿಪಟ್ಟರು.

“ಈಗ ನೀನು ಕೂಗು. ನನ್ನ ಹೆಸರು ಕೂಗು ನೋಡಾನ.”

“ಇಪ್ಪತ್ತೆರಡು ವರ್ಷ ಕೂಗದೋಳು ಈಗ ಕೂಗ್ತೀನಾ? ಹೋಗ್ರಿ ಅತ್ಲಾಗೆ.”

“ಹಂಗಾರೆ ಯಾವಾಗ್ಲೂ ಕೂಗ್ತೀಯಲ್ಲ, ಅದನ್ನೇ ಕೂಗು. ನಾನು ಆ ಕಡೆ ನಿಂತು ಕೇಳಿಸ್ಕೊಂತೀನಿ.”

ಮೊಬೈಲಿನ ಬೆಳಕು ಹಿಡಿದು ನೀರಿನ ಅಂಚಿನಲ್ಲೇ ನಡೆದರು. ಬೆಳಕು ಬಂಡೆಯ ಮರೆಗೆ ಹೋಯಿತು.

ನಾನು ಗಂಟಲು ಸರಿಮಾಡಿಕೊಂಡು “ರೀ...” ಅಂದೆ.

“ರೀ...” ಅಂದಿತು ಬಂಡೆ.

ನನಗೇ ನಗು ಬಂತು. ಇನ್ನೇನು ಇವರು ಏನಾದರೂ ತಮಾಷೆ ಮಾಡುತ್ತಾರೆ ಅಂತ ಕಾದೆ. ಮಾಡಲಿಲ್ಲ. ಕೆಳಗೆ ಮಗ್ಗದ ಸದ್ದು ನಿಂತಿತ್ತು. ಹುಳುಗಳ ಸದ್ದೂ ಇರಲಿಲ್ಲ...

“ರೀ... ಏಳ್ರೀ...”

ಬಂಡೆಯ ಕಡೆಯಿಂದ ಬಂತು. ದನಿ ನನ್ನದು. ನನ್ನ ದನಿ ನನಗೆ ಗೊತ್ತಾಗುವುದಿಲ್ಲವೇ? ಆದರೆ ನಾನು ಬಾಯಿ ತೆರೆದಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ನೋಡಿಕೊಂಡೆ. ಬಾಯಿ ಮುಚ್ಚಿತ್ತು.

“ರೀ... ಏಳ್ರೀ...”

ಎರಡನೆಯದು ಸ್ವಲ್ಪ ಜೋರಾಗಿತ್ತು. ಮೂರನೆಯದು ಬರಬಾರದು, ದೇವರೇ, ಬರಬಾರದು ಅಂದುಕೊಂಡೆ. ಬಂತು. ನಡುವೆ ಒಡೆಯಿತು. ನಮ್ಮತ್ತೆಯದು ಒಡೆದ ಜಾಗದಲ್ಲೇ ಒಡೆಯಿತು.

ಎಡವುತ್ತಾ ಓಡಿದೆ. ಇವರು ಕಲ್ಲಿಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿದ್ದವು. ಮೊಬೈಲು ಮಡಿಲಲ್ಲಿ ಬಿದ್ದು, ಬೆಳಕು ಗದ್ದಕ್ಕೆ ಹೊಡೆಯುತ್ತಿತ್ತು. ‘ಏಳ್ರೀ’ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಹಲ್ಲು ಕಚ್ಚಿ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ.

ಕಣ್ಣು ಬಿಟ್ಟರು. “ಏನೇ ಇದು? ಗಾಳಿ ತಣ್ಣಗಿತ್ತು, ಒಂದ್ನಿಮಿಷ ಕಣ್ಣು ಮುಚ್ಚಿದ್ದೆ.”

“ನಿಮಗೆ ಏನು ಕೇಳಿಸ್ತು?”

“ರೀ ಅಂದ್ಯಲ್ಲ, ಅದೇ. ಒಂದ್ಸಲ.”

ನಾನು ಅವರ ಕೈ ಬಿಡದೆ ಕೆಳಗಿಳಿದೆ. ಕೈ ಬೆಚ್ಚಗಿದೆಯೇ ಅಂತ ಹೆಜ್ಜೆ ಹೆಜ್ಜೆಗೂ ನೋಡುತ್ತಿದ್ದೆ.

ಬುಡದಲ್ಲಿ ಅಜ್ಜ ಬೀಡಿ ಹಚ್ಚಿಕೊಂಡು ಇನ್ನೂ ಅಲ್ಲೇ ಕೂತಿದ್ದ. ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದ, “ಯಾರಮ್ಮಾ ಮೇಲೆ ಮಲಗಿದ್ದೋರು? ಮೂರು ಸಲ ಎಬ್ಬಿಸಿದ್ಯಲ್ಲ... ಎದ್ರಾ?”

“ನಾನೇ ಅಜ್ಜ, ತೂಕಡಿಸಿದ್ದೆ. ಎದ್ದೀನಿ ನೋಡು” ಅಂತ ಇವರು ನಕ್ಕರು. ಅಜ್ಜ ನಗಲಿಲ್ಲ. ಅಲ್ಲಿಂದ ನೇರ ಮೆಡಿಕಲ್ ಸ್ಟೋರಿಗೆ ಹೋಗಿ ಮಾತ್ರೆ ಕೊಂಡು, ಕಾರಿನಲ್ಲೇ ನುಂಗಿಸಿದೆ.

ಅವತ್ತಿನಿಂದ ನಾನು ‘ಏಳ್ರೀ’ ಅನ್ನುವ ಮಾತು ಆಡಿಲ್ಲ. ಬಂಡೆ ತಿರುಗಿ ಕೂಗುವುದು ನಾವು ಕೂಗಿದ್ದನ್ನು. ಹಾಗಾದರೆ ಅದನ್ನು ನಾನು ಮುಂದೆ ಎಂದೋ ಒಂದು ದಿನ ಕೂಗಲೇಬೇಕಲ್ಲ? ಕೂಗದಿದ್ದರೆ ಆಯಿತಲ್ಲ? ಹುಚ್ಚು ಲೆಕ್ಕ ಅಂತ ನನಗೂ ಗೊತ್ತು. ಆದರೂ ಬೆಳಗ್ಗೆ ಇವರನ್ನು ಎಬ್ಬಿಸಲು ಮೊದಮೊದಲು ತಟ್ಟೆ ಬೀಳಿಸುತ್ತಿದ್ದೆ, ಹೊದಿಕೆ ಎಳೆಯುತ್ತಿದ್ದೆ. ಆಮೇಲೆ ಗಟ್ಟಿ ಮನಸ್ಸು ಮಾಡಿ ಹೆಸರು ಹಿಡಿದೇ ಕೂಗಲು ಶುರುಮಾಡಿದೆ. ತಿಪ್ಪೇಸ್ವಾಮಿ. ತಿಪ್ಪೇಸ್ವಾಮಿ.

“ಗಂಡನ ಹೆಸರು ಹಿಡಿದು ಕೂಗ್ತಾಳೆ, ಎಷ್ಟು ಪೊಗರು” ಅಂತ ನಮ್ಮತ್ತೆ ಬೈದರು. ಬ್ಲೌಸ್ ಕೊಡಲು ಬರುವವರು ಕಿಸಕ್ಕನೆ ನಕ್ಕರು. ಇವರಿಗಂತೂ ಒಳಗೊಳಗೇ ಸಂತೋಷ. ಕಾರಣ ಯಾರಿಗೂ ಹೇಳಲಿಲ್ಲ.

ಈ ಯುಗಾದಿಗೆ ಇವರಿಗೆ ಐವತ್ತೊಂದು ತುಂಬಿತು.

ಮೊನ್ನೆ ಸೋಮವಾರ, ಮದುವೆ ಮನೆಯ ಬ್ಲೌಸುಗಳಿದ್ದವು ಅಂತ ನಸುಕಿಗೇ ಎದ್ದು ಹೊರಕೋಣೆಯಲ್ಲಿ ಕೂತಿದ್ದೆ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಇವರು ಕಣ್ಣುಜ್ಜುತ್ತಾ ಬಂದು ಬಾಗಿಲಲ್ಲಿ ನಿಂತರು.

“ಏನೇ, ಮತ್ತೆ ಹಳೇದೇ ಶುರು ಮಾಡಿದೆಯಾ? ಏಳ್ರೀ, ಏಳ್ರೀ ಅಂತ. ಎದ್ದೆ ತಗ.”

ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟೆ.

“ಎಷ್ಟು ಸಲ ಕರೆದೆ?”

“ಎರಡು ಸಲ. ಯಾಕೆ?”

ಏನೂ ಇಲ್ಲ ಅಂದೆ. ಈಗ ಮೂರೂವರೆಗೇ ಅಲಾರಂ ಇಟ್ಟಿದ್ದೇನೆ. ಎದ್ದು ಅವರ ಪಕ್ಕ ಕೂರುತ್ತೇನೆ, ಬೇರೆ ಯಾರೂ ಕರೆಯುವ ಮೊದಲೇ ಹೆಸರು ಹಿಡಿದು ಕರೆಯುತ್ತೇನೆ. ನಿದ್ದೆ ಕೆಡಿಸಿದೆ ಅಂತ ಅವರು ಬೈಯುವವರೆಗೂ ಬಿಡುವುದಿಲ್ಲ.