ಸೋಮಾರಿ ಮಡಕೆಯ ಅಡುಗೆಯಣ್ಣ

ಜ್ವರ ಬಿಟ್ಟ ಹನ್ನೊಂದನೇ ದಿನ ನನ್ನ ಮೂಗಿಗೆ ವಾಸನೆ ತಿರುಗಿ ಬಂತು. ಮೊದಲು ಗೊತ್ತಾಗಿದ್ದು ಕಾಫಿಯೂ ಅಲ್ಲ, ಒಗ್ಗರಣೆಯೂ ಅಲ್ಲ. ಹಾಸನದ ನಮ್ಮ ಮನೆಯ ಕೆಳಗಿರುವ ಬೇಕರಿಯಲ್ಲಿ ಉಬ್ಬಲು ಇಟ್ಟಿದ್ದ ಮೈದಾಹಿಟ್ಟಿನ ಹುಳಿ ವಾಸನೆ. ಹಾಸಿಗೆಯಲ್ಲೇ ಎದ್ದು ಕೂತೆ. ಎಷ್ಟೋ ವರ್ಷಗಳಿಂದ ನೆನೆಯದೇ ಇದ್ದ ಒಬ್ಬರು ನೆನಪಾದರು...

ತೊಂಬತ್ತರ ದಶಕದ ಕೊನೆ. ನನಗೆ ಮದುವೆಯಾದ ಹೊಸತು. ನನ್ನ ಗಂಡ ಹಾನುಬಾಳು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ನಮಗೆ ಕೊಟ್ಟಿದ್ದ ಮನೆ ಧಣಿಗಳ ಬಂಗಲೆಯ ಹಿಂದೆ, ಅದರ ಅಡುಗೆಮನೆಯ ಕಿಟಕಿಗೆ ಎದುರಾಗಿತ್ತು. ಆ ಅಡುಗೆಮನೆಯನ್ನು ಮೂವತ್ತು ವರ್ಷದಿಂದ ನಡೆಸಿಕೊಂಡು ಬಂದವರು ಅವರು. ಎಲ್ಲರೂ ‘ಬಟ್ಲರ್’ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ನೀರು ಹಚ್ಚಿ ಬಾಚಿದ ನರೆಗೂದಲು, ಹೆಗಲ ಮೇಲೊಂದು ಬಿಳಿ ವಸ್ತ್ರ. ಹಿತ್ತಲಲ್ಲಿ ನಿಂತೇ ‘ಈರುಳ್ಳಿ ಕೆಂಪಾಯ್ತು, ಇಳ್ಸವ್ವಾ’ ಎಂದು ನನ್ನ ಒಲೆಯ ಮೇಲಿನ ಬಾಣಲೆಗೆ ಅಪ್ಪಣೆ ಕೊಡುವಂಥ ಮೂಗು ಅವರದು.

ಆ ಮಳೆಗಾಲ ಅವರು ಸ್ಟೋರಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಗಾಯ ಮಾಗಿತು. ಮತ್ತೆ ಮೊದಲಿನ ಹಾಗೆಯೇ ಕೆಲಸಕ್ಕೆ ನಿಂತರು.

ಅದಾಗಿ ತಿಂಗಳಿರಬೇಕು. ಬಂಗಲೆಯಿಂದ ಹಾಲು ಸೀದ ವಾಸನೆ ನಮ್ಮ ಮನೆ ತುಂಬಿತು. ಓಡಿ ಹೋಗಿ ನೋಡಿದರೆ ಅಣ್ಣ ಒಲೆಗೆ ಬೆನ್ನು ಹಾಕಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾರೆ! ಹಾಲಿನ ಪಾತ್ರೆಯ ತಳ ಕಪ್ಪಾಗಿ ಹೊಗೆ ಏಳುತ್ತಿದೆ. ನಾನು ಒಲೆ ಆರಿಸಿದೆ. ಅವರು ಪಾತ್ರೆ ನೋಡಿದರು, ನನ್ನ ಮುಖ ನೋಡಿದರು.

“ಬಿದ್ದಾಗಿಂದ ಏನೂ ಗೊತ್ತಾಯ್ತಿಲ್ಲ ಕಣವ್ವ. ಬೆಳ್ಳುಳ್ಳಿನೂ ಒಂದೇ, ಹೂವಾನೂ ಒಂದೇ” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಯಾರ್ಗೂ ಹೇಳ್ಬ್ಯಾಡ. ಮೂಗಿಲ್ದ ಬಟ್ಲರನ್ನ ಯಾರಿಟ್ಕತ್ತಾರೆ?”

ನಾನು ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ದಿನಕ್ಕೆರಡು ಸಲ ಏನಾದರೂ ನೆಪ ಮಾಡಿಕೊಂಡು ಕಿಟಕಿ ಹತ್ತಿರ ಹೋಗುತ್ತಿದ್ದೆ. ಅವರು ಸೌಟಿನಲ್ಲಿ ಸಾರು ಎತ್ತಿ ಹಿಡಿಯುತ್ತಿದ್ದರು, ನಾನು ಮೂಸಿ ನೋಡಿ ಹೇಳುತ್ತಿದ್ದೆ. ನಾನು ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ, ಮಾಂಸ ತಿನ್ನದ ಮನೆಯಿಂದ ಬಂದವಳು. ಆದ್ದರಿಂದ ಬಾಡಿನಡುಗೆಗೆ ವಾಸನೆಯಷ್ಟೇ, ರುಚಿ ನೋಡುತ್ತಿರಲಿಲ್ಲ. ಮಸಾಲೆ ಹಸಿ ಇದೆಯೋ ಬೆಂದಿದೆಯೋ ಹೇಳಲು ಅಷ್ಟು ಸಾಕಾಗುತ್ತಿತ್ತು.

ಆ ಹೊತ್ತಿಗೇ ಧಣಿಗಳ ಹೆಂಡತಿ, ನಮಗೆಲ್ಲ ಅಮ್ಮಾವ್ರು, ಲಂಡನ್ನಿನ ತಂಗಿಯ ಮನೆಯಿಂದ ಒಂದು ಸ್ಲೋ ಕುಕರ್ ತಂದರು. ಹೊರಗೆ ತಗಡಿನ ಕವಚ, ಒಳಗೆ ಭಾರದ ಪಿಂಗಾಣಿ ಮಡಕೆ, ಮೇಲೆ ಗಾಜಿನ ಮುಚ್ಚಳ. ಕರೆಂಟಿಗೆ ಹಾಕಿದರೆ ಗಂಟೆಗಟ್ಟಲೆ ಸಣ್ಣಗೆ ಬೇಯಿಸುತ್ತಾ ಇರುತ್ತದೆ. ಅಣ್ಣ ಅದಕ್ಕೆ ಸೋಮಾರಿ ಮಡಕೆ ಎಂದು ಹೆಸರಿಟ್ಟು ಮೂಲೆಗೆ ತಳ್ಳಿದ್ದರು. ಎರಡು ವಾರದ ಮೇಲೆ ನೋಡಿದರೆ ಅದೇ ಅವರ ಬಲಗೈಯಾಗಿತ್ತು. ಅದರಲ್ಲಿ ಏನೂ ಸೀಯುತ್ತಿರಲಿಲ್ಲವಲ್ಲ! ಮೂಗಿನ ಕೆಲಸವನ್ನು ಗೋಡೆ ಗಡಿಯಾರ ಮಾಡುತ್ತಿತ್ತು.

ಆ ಮಡಕೆಯಲ್ಲಿ ಅವರು ಮಾಡುತ್ತಿದ್ದ ಒಂದು ತಿಂಡಿ ಸುತ್ತಲಿನ ಎಸ್ಟೇಟುಗಳಲ್ಲೆಲ್ಲ ಹೆಸರಾಯಿತು. ಹಂದಿಮಾಂಸವನ್ನು ನುಣ್ಣಗೆ ಕೊಚ್ಚಿ ತೆಳು ಪೊರೆಯೊಳಗೆ ಬೆರಳಿನ ಗಾತ್ರಕ್ಕೆ ತುಂಬಿದ ಸಾಸೇಜುಗಳು ಶನಿವಾರ ಬೆಂಗಳೂರಿಂದ ಐಸ್ ಡಬ್ಬಿಯಲ್ಲಿ ಬರುತ್ತಿದ್ದವು. ಅಣ್ಣ ಮೈದಾಹಿಟ್ಟಿಗೆ ಯೀಸ್ಟ್ ಹಾಕಿ ನಾದಿ, ಉಬ್ಬಿದ ಮೇಲೆ ಪಟ್ಟಿ ಪಟ್ಟಿಯಾಗಿ ಎಳೆದು ಒಂದೊಂದು ತುಂಡಿಗೂ ಸುತ್ತುತ್ತಿದ್ದರು, ಕೂಸಿಗೆ ಬಟ್ಟೆ ಸುತ್ತುವ ಹಾಗೆ. ಮಡಕೆಗೆ ಬೆಣ್ಣೆ ಸವರಿ, ವೃತ್ತವಾಗಿ ಜೋಡಿಸಿ, ಮುಚ್ಚಳದ ಕೆಳಗೊಂದು ಒಣ ಬಟ್ಟೆ ಹಾಸುತ್ತಿದ್ದರು. ಬಟ್ಟೆ ಇಲ್ಲದಿದ್ದರೆ ಆವಿಯ ಹನಿ ಬಿದ್ದು ಹಿಟ್ಟು ಅಂಟಾಗುತ್ತದಂತೆ. ಎರಡು ಗಂಟೆ ಬಿಟ್ಟು ತೆಗೆದರೆ ತಳ ಹೊಂಬಣ್ಣ, ಮೇಲೆ ಕಡುಬಿನಷ್ಟು ಮೆತ್ತಗೆ.

ಧಣಿಗಳ ಅರವತ್ತನೇ ಹುಟ್ಟುಹಬ್ಬ ಬಂತು. ಭಾನುವಾರ ಸಂಜೆ ಐದಕ್ಕೆ ನಲವತ್ತು ಜನ, ಮಕ್ಕಳೂ ಸೇರಿ. ಅಮ್ಮಾವ್ರು ಮೊದಲು ಹೇಳಿದ್ದೇ ಆ ತಿಂಡಿ. ಆದರೆ ಐಸ್ ಡಬ್ಬಿ ತರುತ್ತಿದ್ದ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ಶನಿವಾರ ಬರಬೇಕಾದ ಸಾಸೇಜು ಮುಟ್ಟಿದ್ದು ಭಾನುವಾರ ಹನ್ನೊಂದು ಗಂಟೆಗೆ. ಐಸೆಲ್ಲ ನೀರಾಗಿತ್ತು. ಹಿಟ್ಟು ಆಗಲೇ ಉಬ್ಬಿ ಕೂತಿತ್ತು.

ಅಣ್ಣ ಕಿಟಕಿಯಿಂದ ನನ್ನನ್ನು ಕರೆದರು. ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದರು.

“ನೋಡವ್ವ. ಸರಿಯಾಗೈತಾ?”

ನಾನಾಗ ಮೂರು ತಿಂಗಳ ಬಸುರಿ. ಬೆಂದ ಅನ್ನದ ವಾಸನೆಗೂ ಹೊಟ್ಟೆ ತೊಳೆಸುತ್ತಿದ್ದ ಕಾಲ. ಸಾಸೇಜಿನ ವಾಸನೆಯಂತೂ ನನಗೆ ಒಂದು ದಿನವೂ ಹಿಡಿಸಿದ್ದಲ್ಲ. ಅವತ್ತು ಅದರಲ್ಲಿ ಏನೋ ಹುಳಿ ಇದ್ದ ಹಾಗಿತ್ತು. ಅದು ಮಾಂಸದ್ದೋ ನನ್ನ ಮೈಯ ಸ್ಥಿತಿಯದೋ ತಿಳಿಯಲಿಲ್ಲ.

“ಹುಳಿ ಹುಳಿ ಅನ್ನಿಸ್ತೈತೆ ಅಣ್ಣ. ಆದ್ರೆ ನಂಗೆ ಈಗ ಎಲ್ಲಾನೂ ಹಂಗೇ...”

“ಸರಿಯಾಗಿ ನೋಡು.”

ಮತ್ತೆ ಮೂಸಿದೆ. ಹೊರಗೋಡಿ ಬಾಳೆಬುಡದಲ್ಲಿ ವಾಂತಿ ಮಾಡಿಕೊಂಡೆ. ತಿರುಗಿ ಬಂದಾಗ ಅವರು ಹೊಸಿಲ ಮೇಲೆ ಕೂತಿದ್ದರು.

“ನಂಗೆ ಗೊತ್ತಾಗ್ತಿಲ್ಲ ಅಣ್ಣ. ನೆಗಡಿಯಾಗೈತೆ, ನೀವೇ ನೋಡಿ ಅಂತ ಅಮ್ಮಾವ್ರಿಗೆ ಹೇಳ್ಬಿಡಿ” ಎಂದೆ.

ಅವರು ಕೈಯಲ್ಲಿದ್ದ ತುಂಡನ್ನು ಪಕ್ಕಕ್ಕಿಟ್ಟರು. “ಇವತ್ತು ನೆಗಡಿ ಅಂತೀನಿ. ನಾಳೆ ನೀನು ಬಾಣಂತನಕ್ಕೆ ತವರಿಗೆ ಹೋಯ್ತೀಯ. ಆವತ್ತು ಏನನ್ಲಿ? ಮಕ್ಳು ಉಣ್ಣೋದು ಕಣವ್ವ ಇದು.” ಹೆಗಲ ವಸ್ತ್ರ ತೆಗೆದು ಮಡಿಸಿ, ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು.

ಅಮ್ಮಾವ್ರು ಬಂದು ಒಂದೇ ಸಲ ಮೂಸಿ ಮುಖ ಹಿಂದಕ್ಕೆ ತೆಗೆದರು. ಮಾಂಸ ನಿಜವಾಗಿಯೂ ಕೆಟ್ಟಿತ್ತು. “ಎಷ್ಟು ದಿನದಿಂದ ವಾಸನೆ ಗೊತ್ತಾಗ್ತಿಲ್ಲ ನಿಮಗೆ?” ಎಂದು ಕೇಳಿದರು. ಅಣ್ಣ ಹೇಳಿದರು. ನನ್ನ ಹೆಸರು ಮಾತ್ರ ಎತ್ತಲಿಲ್ಲ. ಬಾಗಿಲ ಪಕ್ಕ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಅಮ್ಮಾವ್ರು ರೇಗಲಿಲ್ಲ. ಹಾನುಬಾಳಿಗೆ ಆಳು ಕಳಿಸಿ ಹೊಸದಾಗಿ ಕಡಿದ ಹಂದಿಮಾಂಸ ತರಿಸಿದರು. ಸೆರಗು ಸಿಕ್ಕಿಸಿ ತಾವೇ ಒಲೆಯ ಪಕ್ಕ ನಿಂತರು. ಅಣ್ಣ ಮಾಂಸ ಸಣ್ಣಗೆ ಕೊಚ್ಚಿ, ಕಾಳುಮೆಣಸು ಹಾಕಿ ನೀರಾರುವವರೆಗೆ ಹುರಿದರು, ಅಮ್ಮಾವ್ರು ಉಪ್ಪು ಖಾರ ನೋಡಿದರು. ಅದನ್ನೇ ಉಂಡೆ ಮಾಡಿ ಹಿಟ್ಟಿನಲ್ಲಿ ಸುತ್ತಿ ಮಡಕೆಗಿಟ್ಟರು. ಒಂದು ಮಡಕೆಗೆ ಆಗದ್ದು ಇಡ್ಲಿ ಪಾತ್ರೆಯಲ್ಲಿ ಬೆಂದಿತು. ಸಂಜೆ ತಟ್ಟೆಗಳು ಖಾಲಿಯಾದವು. ಕಡುಬಿಗೆ ಹಂದಿ ಸಾರು ನೆಂಚಿಕೊಳ್ಳುವ ಸೀಮೆಯಲ್ಲವೇ? “ಕಡುಬಿನ ಹೊಟ್ಟೆಯೊಳಗೇ ಹಂದಿ ಇಟ್ಟವ್ನಲ್ಲ ಮಾರಾಯ, ನಿಮ್ ಬಟ್ಲರ್!” ಎಂದು ಒಬ್ಬ ಪ್ಲಾಂಟರು ನಕ್ಕಿದ್ದು ನನ್ನ ಮನೆಯವರೆಗೂ ಕೇಳಿಸಿತು.

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಹೊಸ ಅಡುಗೆಯವನೊಬ್ಬ ಬಂದ. “ನೀವು ಇರಿ, ಅವನಿಗೆ ಹೇಳಿಕೊಡಿ” ಎಂದರು ಅಮ್ಮಾವ್ರು. ಅವನು ಒಳ್ಳೆಯ ಹುಡುಗನೇ. ಅಣ್ಣ ಮಾಡಿದ ಪ್ರತಿ ಪಾತ್ರೆಯ ಮುಚ್ಚಳ ಎತ್ತಿ, ಮೂಸಿ, “ಸರಿಯಾಗೈತೆ ಅಣ್ಣ” ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದ. ಆ ಮಾತು ಕೇಳುವಾಗ ಅಣ್ಣ ಕಿಟಕಿಯಾಚೆ ನೋಡುತ್ತಿದ್ದರು. ನಾನು ಅದೇ ಕೆಲಸವನ್ನು ಅಷ್ಟು ತಿಂಗಳು ಮಾಡಿರಲಿಲ್ಲವೇ? ಅದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ನನಗಾಗ ಅರ್ಥವಾಗಿರಲಿಲ್ಲ...

ಕಾಫಿ ಕುಯ್ಲು ಮುಗಿದ ಮೇಲೆ, ನಾನು ತವರಿನಲ್ಲಿದ್ದಾಗ, ಅವರು ಕೆ. ಹೊಸಕೋಟೆಯ ಮಗಳ ಮನೆಗೆ ಹೊರಟುಹೋದರು. ಮಗುವನ್ನೆತ್ತಿಕೊಂಡು ನಾನು ತಿರುಗಿ ಬಂದಾಗ ಎದುರಿನ ಕಿಟಕಿಯಲ್ಲಿ ಹೊಸ ಹುಡುಗ ನಿಂತಿದ್ದ. ಒಂದು ಸಲ ಹೋಗಿ ನೋಡಿಕೊಂಡು ಬರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ವರ್ಷಗಳು ಹೋದವು.

ಈ ಸಲ ಜ್ವರದಿಂದ ಎದ್ದವಳು ಸುಮ್ಮನಿರಲಾಗದೆ ಆಲೂರಿಗೆ ಹೋಗಿ ಅಲ್ಲಿಂದ ಕೆ. ಹೊಸಕೋಟೆಯ ಬಸ್ಸು ಹತ್ತಿದೆ. ವಿಚಾರಿಸಿದ್ದಕ್ಕೆ ಯಾರೋ ಮನೆ ತೋರಿಸಿದರು. ಮಗಳು, ಈಗ ಅವಳಿಗೂ ನರೆ ಬಂದಿದೆ, ಚಾಪೆ ಹಾಸಿದಳು. ಅಣ್ಣ ಹೋಗಿ ಒಂಬತ್ತು ವರ್ಷವಾಗಿತ್ತು.

“ಬಂಗ್ಲೆ ಬುಟ್ಟು ಯಾಕೆ ಬಂದ್ರೋ, ಕೊನೇಗೂ ಹೇಳ್ಲಿಲ್ಲ ಕಣಕ್ಕ. ವಯಸ್ಸಾಯ್ತು ಅಂತಿದ್ರು ಅಷ್ಟೇಯ” ಎಂದಳು. ಆಮೇಲೆ ಮುಖ ಅರಳಿಸಿ, “ನನ್ ಅಡ್ಗೆ ಅಂದ್ರೆ ಪ್ರಾಣ ಅವ್ರಿಗೆ. ದಿನಾ ಒಲೆ ತಾವ ಬಂದು, ಪಾತ್ರೆ ಮ್ಯಾಲೆ ಬಗ್ಗಿ ಉಸ್ರು ಎಳ್ಕಂಡು, ಘಮ್ ಅಂತೈತೆ ಕಣವ್ವ ಅನ್ನೋರು. ಅಷ್ಟು ದೊಡ್ಡ ಬಟ್ಲರು, ನನ್ ಸಾರು ಮೂಸಿ ಹಂಗಂದ್ರೆ ಸಾಕಾಗಿತ್ತು ನಂಗೆ” ಎಂದಳು.

ನಾನು ಅವಳು ಕೊಟ್ಟ ಕಾಫಿ ಕುಡಿದೆ. ಚೆನ್ನಾಗಿದೆ ಎಂದೆ. ಬೇರೇನೂ ಹೇಳಲಿಲ್ಲ.